ಹೆನ್ರಿ ಮೌಂಟನ್ಸ್ ಟ್ಯಾಗ್ ಬಂದಿದೆ: ದೊಡ್ಡದಕ್ಕೆ ಕಾಯೋದಾ, ಸಿಕ್ಕಿದ್ದಕ್ಕೆ ಹೊಡೆಯೋದಾ?

ಉಪ್ಪುಕೆರೆ (ಮೇ)

ಎಲ್ಲರಿಗೂ ನಮಸ್ಕಾರ. ನಿನ್ನೆ ಕ್ರೆಡಿಟ್ ಕಾರ್ಡಿನಲ್ಲಿ ಒಂದಷ್ಟು ದುಡ್ಡು ಕಟ್ ಆಗಿತ್ತು. ಯಾರೋ ಕಾರ್ಡ್ ನಂಬರ್ ಕದ್ದಿರಬೇಕು ಅಂದುಕೊಂಡೆ. ಆಮೇಲೆ ಇಮೇಲ್ ಬಂತು. ಡ್ರಾದಲ್ಲಿ ಟ್ಯಾಗ್, ಅಂದ್ರೆ ಒಂದು ಪ್ರಾಣಿ ಹೊಡೆಯೋ ಪರವಾನಗಿ, ಬಂದಿದೆ ಅಂತ. ಯೂಟಾದ ಹೆನ್ರಿ ಮೌಂಟನ್ಸ್, ಪ್ರೀಮಿಯಂ ಲಿಮಿಟೆಡ್ ಎಂಟ್ರಿ (ಕೆಲವೇ ಜನರಿಗೆ ಕೊಡೋದು), ಮ್ಯೂಲ್ ಡಿಯರ್ ಅನ್ನೋ ಜಿಂಕೆಯ ಬಕ್, ಅಂದ್ರೆ ಗಂಡು, ಅಕ್ಟೋಬರ್ ರೈಫಲ್ ಸೀಸನ್.

ಗೊತ್ತಿರೋರಿಗೆ ಇದರ ಬೆಲೆ ಗೊತ್ತು. ನನ್ನ ಆಫೀಸಿನಲ್ಲಿ ಇಲ್ಲೇ ಹುಟ್ಟಿ ಬೆಳೆದವರು ಕೆಲವರು ಮದುವೆಗೆ ಮುಂಚಿನಿಂದ ಅರ್ಜಿ ಹಾಕ್ತಿದ್ದಾರೆ, ಈಗ ಮಕ್ಕಳು ಕಾಲೇಜಿಗೆ ಹೋಗ್ತಿದ್ದಾರೆ, ಟ್ಯಾಗ್ ಮಾತ್ರ ಬಂದಿಲ್ಲ. ನನ್ನ ಹತ್ತಿರ ಪಾಯಿಂಟ್ ಜಾಸ್ತಿ ಇರಲಿಲ್ಲ. ಸುಮ್ನೆ ಅದೃಷ್ಟ.

ಸಾಮಾನ್ಯ ಸೀಸನ್‌ನಲ್ಲಿ ಬೇಟೆ ಆಡಿ ಗೊತ್ತು. ಈ ತರಹದ್ದು ಗೊತ್ತಿಲ್ಲ. ನನ್ನ ಜೊತೆ ಬರೋ ಇಬ್ಬರಲ್ಲಿ ಈಗಲೇ ಜಗಳ ಶುರುವಾಗಿದೆ. ಒಬ್ಬರು ಕೊಂಬಿನ ಒಟ್ಟು ಅಳತೆ 190 ಇಂಚಿಗಿಂತ ಕಡಿಮೆ ಇದ್ದರೆ ಬಂದೂಕು ಎತ್ತಲೇಬೇಡ ಅಂತಾರೆ. ಇನ್ನೊಬ್ಬರು ಒಳ್ಳೆ ಗಂಡು ಕಂಡ ದಿನವೇ ಮುಗಿಸು, ದುರಾಸೆ ಬೇಡ ಅಂತಾರೆ. ಆ ಕಡೆ ಓಡಾಡಿದವರು ಏನಾದರೂ ಹೇಳಿ.

ಪಾಯಿಂಟ್_ಬಡವ

ಹೊಟ್ಟೆ ಉರಿತಿದೆ ಅಣ್ಣ, ಸುಳ್ಳು ಹೇಳಲ್ಲ. ಅಭಿನಂದನೆ. ಇನ್ನೊಂದು ವಾರ ನಿಮ್ಮ ಹೆಸರು ಕಂಡರೆ ನಾನು ಮುಖ ತಿರುಗಿಸ್ತೀನಿ, ಬೇಜಾರು ಮಾಡ್ಕೋಬೇಡಿ.

ಹೊಸಬ_ಡೆನ್ವರ್

ನನಗೆ ಏನೂ ಅರ್ಥ ಆಗಲಿಲ್ಲ. ಪಾಯಿಂಟ್ ಅಂದ್ರೆ ಏನು? ದುಡ್ಡು ಕಟ್ಟಿದ್ರೆ ಟ್ಯಾಗ್ ಕೊಡಲ್ವಾ? ಇನ್ನೊಂದು ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೀನಿ. ನಮ್ಮಂಥವರು ಬಂದೂಕು ಮುಟ್ಟಬಹುದಾ?

ಪಾಯಿಂಟ್_ಬಡವ

ದುಡ್ಡು ಕೊಟ್ಟರೆ ಸಿಗೋ ಟ್ಯಾಗೂ ಇವೆ, ಆ ಜಾಗಗಳಲ್ಲಿ ಜನ ಜಾಸ್ತಿ, ದೊಡ್ಡ ಗಂಡು ಕಡಿಮೆ. ಹೆನ್ರಿ, ಪಾನ್ಸಗಂಟ್ ತರಹದ ಕಡೆ ಟ್ಯಾಗು ಎಣಿಸಿ ಕೊಡ್ತಾರೆ. ಬೇಕು ಅನ್ನೋರು ಸಾವಿರಾರು ಜನ. ಅದಕ್ಕೇ ಡ್ರಾ.

ಒಂದು ವರ್ಷ ಸಿಗಲಿಲ್ಲ ಅಂದ್ರೆ ಒಂದು ಬೋನಸ್ ಪಾಯಿಂಟ್. ಯೂಟಾದಲ್ಲಿ ಅರ್ಧ ಟ್ಯಾಗು ಅತಿ ಹೆಚ್ಚು ಪಾಯಿಂಟ್ ಇದ್ದವರಿಗೆ ಹೋಗುತ್ತೆ. ಉಳಿದ ಅರ್ಧ ಲಾಟರಿ. ಆ ಲಾಟರಿಯಲ್ಲಿ ನಿಮ್ಮ ಅರ್ಜಿಗೆ ಒಂದು ಸಂಖ್ಯೆ, ಪ್ರತಿ ಪಾಯಿಂಟಿಗೆ ಇನ್ನೊಂದು ಸಂಖ್ಯೆ ಬರುತ್ತೆ. ಅದರಲ್ಲಿ ಒಳ್ಳೆಯದನ್ನು ಇಟ್ಟುಕೊಳ್ತಾರೆ. ಉಪ್ಪುಕೆರೆ ಅಣ್ಣ ಈ ಎರಡನೇ ಬಾಗಿಲಿನಿಂದ ಒಳಗೆ ಹೋದವರು.

ನೆವಾಡಾದಲ್ಲಿ ಲೆಕ್ಕ ಬೇರೆ. ಪಾಯಿಂಟಿನ ವರ್ಗ ಮಾಡಿ ಒಂದು ಸೇರಿಸ್ತಾರೆ. ಹತ್ತು ಪಾಯಿಂಟ್ ಇದ್ರೆ 101 ಚೀಟಿ. ಅರಿಜೋನಾದಲ್ಲಿ 20 ಶೇಕಡಾ ಟ್ಯಾಗು ಪಾಯಿಂಟ್ ಜಾಸ್ತಿ ಇರೋರಿಗೆ ಮೀಸಲು. ನಿಮ್ಮ ಕೊಲೊರಾಡೋದಲ್ಲಿ 1999ರಿಂದ ಡಿಯರ್ ಲೈಸೆನ್ಸ್ ಎಲ್ಲಾನೂ ಲಿಮಿಟೆಡ್. ಎಲ್ಲಾ ಕಡೆ ಒಂದೇ ಗೋಳು: ನಾವು ಒಂದು ಪಾಯಿಂಟ್ ಮೇಲೆ ಹತ್ತಿದ್ರೆ ನಮ್ಮ ಮುಂದಿರೋರೂ ಒಂದು ಹತ್ತುತ್ತಾರೆ. ಸಾಲು ಕರಗೋದೇ ಇಲ್ಲ. ಹೊರರಾಜ್ಯದವರಿಗೆ ಯೂಟಾದಲ್ಲಿ ಹತ್ತರಲ್ಲೊಂದು ಪಾಲು ಅಷ್ಟೇ, ಅವರ ಕಥೆ ಕೇಳಲೇಬೇಡಿ.

ನೆವಾಡಾ_ನೆಂಟ

ವೀಸಾ ಪ್ರಶ್ನೆಗೆ ನಾನು ಹೇಳ್ತೀನಿ, ತುಂಬಾ ಜನ ಇದರಲ್ಲಿ ಎಡವುತ್ತಾರೆ. ಎಚ್-1ಬಿ, ಎಫ್-1 ತರಹದ ವೀಸಾದಲ್ಲಿ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳೋದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಕೊಳ್ಳೋದಷ್ಟೇ ಅಲ್ಲ, ಇಟ್ಟುಕೊಳ್ಳೋದೂ. ಅದಕ್ಕೆ ಕೆಲವು ವಿನಾಯಿತಿ ಇವೆ. ಅದರಲ್ಲೊಂದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗೀತು. ಗೆಳೆಯನ ರೈಫಲ್ ಹಿಡಿದು ಫೋಟೋ ತೆಗೆಸಿಕೊಂಡೆ ಅನ್ನೋದೂ ತಲೆನೋವಾಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾ ವಿಷಯ ಆಟ ಅಲ್ಲ, ಮೊದಲು ವಕೀಲರ ಹತ್ತಿರ ಕೇಳಿ, ಆಮೇಲೆ ಅಂಗಡಿಗೆ ಹೋಗಿ. ಹಂಟರ್ ಎಜುಕೇಶನ್ ಕ್ಲಾಸಿಗೆ ಮಾತ್ರ ಈಗಲೇ ಸೇರಿಕೊಳ್ಳಿ.

ಇನ್ನು ಉಪ್ಪುಕೆರೆಯವರೇ, ನಿಮ್ಮ ವಿಷಯ. ನಾನು ಹೆನ್ರಿಯಲ್ಲಿ ಗೆಳೆಯರೊಬ್ಬರ ಟ್ಯಾಗಿಗೆ ಗುಡ್ಡ ಜಾಲಾಡೋಕೆ ಹೋಗಿದ್ದೆ. ಆ ಅನುಭವದ ಮೇಲೆ ಹೇಳ್ತೀನಿ.

ಹ್ಯಾಂಕ್ಸ್‌ವಿಲ್ ಊರಲ್ಲಿ ಬಂಡೆ ಕೊರೆದು ಕಟ್ಟಿದ ಪೆಟ್ರೋಲ್ ಬಂಕ್ ಇದೆ, ಹಾಲೋ ಮೌಂಟನ್ ಅಂತ. ಅಲ್ಲಿ ಟ್ಯಾಂಕೂ ತುಂಬಿಸಿ, ಕ್ಯಾನೂ ತುಂಬಿಸಿ. ಗುಡ್ಡದೊಳಗೆ ಫೋನ್ ಸಿಗ್ನಲ್ ನಂಬಬೇಡಿ. ಬೆಟ್ಟದ ಬುಡದಲ್ಲಿರೋದು ಬೂದು ಬಣ್ಣದ ಶೇಲ್ ಮಣ್ಣು. ಒಣಗಿದ್ದಾಗ ಹೈವೇ. ಒಂದು ಮಳೆ ಬಂದರೆ ಚಕ್ರಕ್ಕೆ ಗೋಂದಿನಂತೆ ಮೆತ್ತಿಕೊಳ್ಳುತ್ತೆ, ನಾಲ್ಕು ಚಕ್ರ ತಿರುಗಿದರೂ ಗಾಡಿ ಇಳಿಜಾರಿಗೆ ಅಡ್ಡಡ್ಡ ಜಾರುತ್ತೆ. ಮಳೆ ಬಂದ್ರೆ ಇದ್ದಲ್ಲೇ ಇರಿ. ಒಣಗೋವರೆಗೆ ಅಡುಗೆ ಮಾಡ್ಕೊಂಡು ಕೂತಿರಿ.

ಬುಲ್ ಕ್ರೀಕ್ ಪಾಸ್ 10,485 ಅಡಿ, ಮೌಂಟ್ ಎಲೆನ್ 11,522 ಅಡಿ. ಲೋನ್‌ಸಮ್ ಬೀವರ್, ಮೆಕ್‌ಮಿಲನ್ ಸ್ಪ್ರಿಂಗ್, ಸ್ಟಾರ್ ಸ್ಪ್ರಿಂಗ್ಸ್ ಅಂತ ಬಿಎಲ್‌ಎಂ (ಫೆಡರಲ್ ಭೂ ಇಲಾಖೆ) ಕ್ಯಾಂಪ್ ಜಾಗಗಳಿವೆ. ಜುಲೈ, ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ಬನ್ನಿ. ಆಗ ಕೊಂಬಿನ ಮೇಲೆ ಇನ್ನೂ ವೆಲ್ವೆಟ್, ಅಂದ್ರೆ ಮೆತ್ತನೆ ರೋಮದ ಚರ್ಮ, ಇರುತ್ತೆ, ಗಂಡುಗಳು ಗುಂಪಾಗಿ ಬಯಲಲ್ಲಿ ಮೇಯ್ತವೆ, ನೋಡೋಕೆ ಸುಲಭ. ಆದರೆ ಆಗಸ್ಟ್‌ನಲ್ಲಿ ಕಂಡ ಬಕ್ ಅಕ್ಟೋಬರ್‌ನಲ್ಲಿ ಅದೇ ಗುಡ್ಡದಲ್ಲಿ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸೆಪ್ಟೆಂಬರ್‌ನಲ್ಲಿ ವೆಲ್ವೆಟ್ ಉದುರಿದ ಮೇಲೆ ಗುಂಪು ಒಡೆಯುತ್ತೆ. ದೊಡ್ಡದು ಒಂಟಿಯಾಗಿ ದಟ್ಟ ಪೊದೆಗೆ ಸೇರಿಕೊಳ್ಳುತ್ತೆ. ಬೆದೆ ಶುರುವಾಗೋದು ನವೆಂಬರ್‌ನಲ್ಲಿ. ನಿಮ್ಮ ಸೀಸನ್ ಎರಡರ ಮಧ್ಯೆ ಬೀಳುತ್ತೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅಷ್ಟೇ ಅದು ಹೊರಗೆ ಬರೋದು.

ಟ್ರೈಲ್ ಕ್ಯಾಮೆರಾ (ಕಾಡಲ್ಲಿ ಕಟ್ಟಿಡೋ ಕ್ಯಾಮೆರಾ) ನೆಚ್ಚಿಕೊಳ್ಳಬೇಡಿ. ಜುಲೈ 31ರಿಂದ ಡಿಸೆಂಬರ್ 31ರವರೆಗೆ ಯೂಟಾದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಅದನ್ನು ಬಳಸೋ ಹಾಗಿಲ್ಲ. ಕಣ್ಣೇ ಗತಿ. 15 ಪವರ್ ಬೈನಾಕ್ಯುಲರ್, ಗಟ್ಟಿ ಟ್ರೈಪಾಡ್, ಕೂರೋಕೆ ಮೆತ್ತನೆ ಗಾದಿ. ರೈಫಲ್‌ಗಿಂತ ಇದಕ್ಕೆ ದುಡ್ಡು ಹಾಕಿ. ನಡೆಯೋದು ಕಡಿಮೆ ಮಾಡಿ, ಕೂತು ನೋಡೋದು ಜಾಸ್ತಿ ಮಾಡಿ.

ಕಾಯೋದಾ ಹೊಡೆಯೋದಾ ಅಂದ್ರೆ, ಕಾಯಿರಿ. ಈ ಟ್ಯಾಗಿನಲ್ಲಿ ಸಾಧಾರಣ ಬಕ್ ಹೊಡೆಯೋದಾದ್ರೆ ಮನೆ ಹತ್ತಿರದ ಗುಡ್ಡದಲ್ಲೇ ಹೊಡೀಬಹುದಿತ್ತು. ಟ್ಯಾಗ್ ಹಾಗೇ ಜೇಬಲ್ಲಿಟ್ಟುಕೊಂಡು ವಾಪಸ್ ಬಂದರೂ ಅದು ಸೋಲಲ್ಲ.

ಸೊಪ್ಪಿನ_ಸಾರು

ಇದನ್ನೆಲ್ಲ ಓದಿ ತಲೆ ತಿರುಗ್ತಿದೆ. ಊರಲ್ಲಿ ಜಿಂಕೆ ಕೊಂದ್ರೆ ಜೈಲು. 1972ರ ವನ್ಯಜೀವಿ ಕಾಯ್ದೆ ಓದಿ ಬೆಳೆದವರು ಇಲ್ಲಿ ಬಂದು ಇಂಚು ಅಳೆದು ಕೊಲ್ಲೋದಾ? ಮಾಂಸ ಬೇಕಂದ್ರೆ ಅಂಗಡೀಲಿ ಸಿಗಲ್ವಾ? ಯಾರನ್ನೂ ಬೈಯೋಕೆ ಬಂದಿಲ್ಲ, ನಿಜವಾಗ್ಲೂ ಕೇಳ್ತಿದ್ದೀನಿ.

ಫೋರ್ಟ್‌ಕಾಲಿನ್ಸ್_ಅಕ್ಕ

ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳ್ತೀನಿ. ಎರಡು ದೇಶದ ಹಾದಿ ಬೇರೆ. ಅಲ್ಲಿ ಬೇಟೆ ನಿಲ್ಲಿಸಿ ಕಾಡು ಉಳಿಸೋಕೆ ಹೊರಟರು. ಇಲ್ಲಿ ಮಾರಾಟದ ಬೇಟೆ ನಿಲ್ಲಿಸಿ, ಎಣಿಸಿದ ಬೇಟೆ ಇಟ್ಟುಕೊಂಡರು. ಇವತ್ತಿಗೂ ಕಾಡುಪ್ರಾಣಿಯ ಮಾಂಸ ಮಾರೋ ಹಾಗಿಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್, ಗುಂಡಿನ ಮೇಲೆ 11 ಶೇಕಡಾ ತೆರಿಗೆ ಇದೆ. ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಗುರಿ ಹೊಡೆಯೋ ಹವ್ಯಾಸಕ್ಕೆ ಬಂದೂಕು ಕೊಳ್ಳೋರೂ ಆ ತೆರಿಗೆ ಕಟ್ತಾರೆ. ಹಾಗಾಗಿ "ನಾವು ಬೇಟೆಗಾರರೇ ಎಲ್ಲ ಉಳಿಸಿದ್ದು" ಅಂತ ಎದೆ ತಟ್ಟಿಕೊಳ್ಳೋರನ್ನ ಪೂರ್ತಿ ನಂಬಬೇಡಿ.

ಬಿಟ್ಟುಬಿಟ್ಟರೆ ಪ್ರಕೃತಿ ತಾನೇ ನೋಡಿಕೊಳ್ಳುತ್ತೆ ಅನ್ನೋದಕ್ಕೆ ಕೈಬಾಬ್ ಕಥೆ ಹೇಳ್ತಾರೆ. ಗ್ರ್ಯಾಂಡ್ ಕ್ಯಾನ್ಯನ್ ಉತ್ತರ ದಂಡೆಯ ಕೈಬಾಬ್ ಪ್ರಸ್ಥಭೂಮಿಯನ್ನು 1906ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಬೇಟೆ ನಿಷೇಧದ ಜಾಗ ಮಾಡಿದರು. ಜೊತೆಗೆ ಬೆಟ್ಟದ ಸಿಂಹ, ತೋಳ, ಕಯೋಟಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಮ್ಯೂಲ್ ಡಿಯರ್ ಬೆಳೆದವು, ಮೇವು ಮುಗೀತು, 1924ರ ಹೊತ್ತಿನ ಚಳಿಗಾಲಗಳಲ್ಲಿ ರಾಶಿ ರಾಶಿ ಸತ್ತವು. ಎಷ್ಟು ಸತ್ತವು, ಕಾರಣ ಪರಭಕ್ಷಕಗಳು ಇಲ್ಲದ್ದೋ, ದನಕರು ಮೇಯಿಸೋದು ಕಡಿಮೆಯಾಗಿದ್ದೋ ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡ್ತಾರೆ. ನಿಷೇಧ ಒಂದೇ ಸಾಲದು ಅನ್ನೋಕೆ ಇದು ಸಾಕು. ಬೇಟೆ ಇದ್ದರೆ ಎಲ್ಲ ಸರಿ ಅನ್ನೋಕೆ ಸಾಲದು.

ಮ್ಯೂಲ್ ಡಿಯರ್ ಸಂಖ್ಯೆ ಈಗ ಪಶ್ಚಿಮದ ಎಷ್ಟೋ ಕಡೆ ಇಳೀತಿದೆ. ಕಾರಣ ಬಂದೂಕಲ್ಲ. ಬರ, ಹೆದ್ದಾರಿ, ಬೇಲಿ, ಚಳಿಗಾಲದ ಮೇವಿನ ಜಾಗದಲ್ಲಿ ಎದ್ದ ಮನೆಗಳು. 2022-23ರ ಚಳಿಗಾಲದಲ್ಲಿ ವಯೋಮಿಂಗ್ ರೇಂಜ್ ಹಿಂಡಿನಲ್ಲಿ ರೇಡಿಯೋ ಕಾಲರ್ ಹಾಕಿದ್ದ ಮರಿಗಳು ಬಹುತೇಕ ಉಳಿಯಲಿಲ್ಲ, ದೊಡ್ಡ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸತ್ತವು. ಹಿಂಡು ಬೆಳೆಯೋದು ಹೆಣ್ಣುಗಳಿಂದ. ಗಂಡಿನ ಟ್ಯಾಗು ಕಡಿಮೆ ಮಾಡಿದರೆ ಹಿಂಡು ದೊಡ್ಡದಾಗಲ್ಲ, ಉಳಿದ ಗಂಡುಗಳಿಗೆ ವಯಸ್ಸಾಗುತ್ತೆ ಅಷ್ಟೇ. ಯೂಟಾದ ಯೋಜನೆ ನೋಡಿ: ಸಾಮಾನ್ಯ ಘಟಕಗಳಲ್ಲಿ 100 ಹೆಣ್ಣಿಗೆ 15ರಿಂದ 20 ಗಂಡು ಗುರಿ. ಹೆನ್ರಿಯಂಥ ಪ್ರೀಮಿಯಂ ಜಾಗದಲ್ಲಿ 40ರಿಂದ 55. ಅಂದ್ರೆ ಈ ಟ್ಯಾಗು ಅಪರೂಪ ಆಗಿರೋದು ಜಿಂಕೆ ಅಪರೂಪ ಅಂತಲ್ಲ. ಮುದಿ ಗಂಡುಗಳನ್ನು ಬೇಕಂತಲೇ ಉಳಿಸಿಕೊಂಡಿದ್ದಾರೆ.

ಸೊಪ್ಪಿನ_ಸಾರು

ಥ್ಯಾಂಕ್ಸ್ ಅಕ್ಕ, ಇಷ್ಟು ನಿಧಾನವಾಗಿ ಯಾರೂ ಹೇಳಿರಲಿಲ್ಲ. ಆದ್ರೂ ಒಂದು ಮಾತು. ಬೇಕಂತಲೇ ಮುದಿ ಗಂಡು ಉಳಿಸೋದು ಯಾರಿಗೋಸ್ಕರ? ದೊಡ್ಡ ಕೊಂಬು ಬೇಕು ಅನ್ನೋರಿಗೋಸ್ಕರ ತಾನೆ. ಇದೇ ಟ್ಯಾಗುಗಳಲ್ಲಿ ಕೆಲವನ್ನು ಹರಾಜು ಹಾಕ್ತಾರಂತೆ, ಶ್ರೀಮಂತರು ಮನೆ ಬೆಲೆ ಕೊಟ್ಟು ತಗೋತಾರಂತೆ. ಅದನ್ನೂ ಸಂರಕ್ಷಣೆ ಅಂತೀರಾ?

ಪಾಯಿಂಟ್_ಬಡವ

ಹರಾಜಿನ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಸಾಲಲ್ಲಿ ನಿಂತವನಿಗೆ ಆ ಸುದ್ದಿ ಓದಿದಾಗೆಲ್ಲ ಮೈ ಉರಿಯುತ್ತೆ. ದುಡ್ಡು ಗುಡ್ಡಕ್ಕೇ ವಾಪಸ್ ಹೋಗುತ್ತೆ ಅಂತಾರೆ. ಹೋಗಲಿ. ನನ್ನ ಪಾಯಿಂಟಿಗೂ ಬಡ್ಡಿ ಕೊಡಲಿ.

ಮಡಿಕೇರಿ_ಮಂಜು

ತಡವಾಗಿ ಬಂದೆ. ನಮ್ಮ ಮನೆಯಲ್ಲಿ ಕೋವಿ ಇತ್ತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗ 2029ರವರೆಗೆ ವಿಸ್ತರಣೆ ಆಗಿದೆ. ಕೋವಿ ಇಟ್ಟುಕೊಳ್ಳೋಕೆ ವಿನಾಯಿತಿ, ಕಡವೆ ಹೊಡೆಯೋಕೆ ಅಲ್ಲ. ಇದನ್ನ ಹೊರಗಿನವರು ಯಾವಾಗಲೂ ಗೊಂದಲ ಮಾಡ್ಕೋತಾರೆ. ನಮಗೆ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು. ಹಳೇ ಬೇಟೆಯ ಮಾತೆಲ್ಲ ಅಜ್ಜಂದಿರ ಬಾಯಲ್ಲಿ ಕೇಳಿದ್ದು.

ಅವರ ಮಾತಲ್ಲಿ ಇಂಚು ಅನ್ನೋದು ಒಂದು ಸಲವೂ ಬರಲಿಲ್ಲ. ಈಡು ಹೇಗಿತ್ತು, ಪ್ರಾಣಿ ಎಷ್ಟು ದೂರ ಹೋಯ್ತು, ಯಾರ ಮನೆಗೆ ಎಷ್ಟು ಪಾಲು ಹೋಯ್ತು, ಇದೇ ಕಥೆ. ನೆಂಟರು ಹೇಳಿದ ದಾರಿ, ಮಣ್ಣು, ಬೈನಾಕ್ಯುಲರ್ ಎಲ್ಲ ಒಪ್ಪಿದೆ. 190 ಮಾತ್ರ ಒಪ್ಪಲ್ಲ. ದೊಡ್ಡ ಕೊಂಬುಗಳ ದಾಖಲೆ ಇಡೋ ಬೂನ್ ಅಂಡ್ ಕ್ರಾಕೆಟ್ ಪುಸ್ತಕದ ಕಾಯಂ ಪಟ್ಟಿಗೆ ಆ ಸಂಖ್ಯೆ ಬೇಕು, ಸರಿ. ಅದು ಪುಸ್ತಕದವರ ಅಗತ್ಯ. 1972ರಲ್ಲಿ ಕೊಲೊರಾಡೋದ ಡೊಲೊರೆಸ್ ಕೌಂಟಿಯಲ್ಲಿ ಸಿಕ್ಕಿದ್ದು 226 ಇಂಚು ದಾಟಿತ್ತು, ಸಹಜ ಆಕಾರದ ಕೊಂಬಿನಲ್ಲಿ ಇವತ್ತಿಗೂ ಅದೇ ದಾಖಲೆ. ಹಾಗಾದ್ರೆ ಆಮೇಲೆ ಹೊಡೆದವರೆಲ್ಲ ಸೋತವರಾ?

ಇಂಚು ನೋಡಬೇಡಿ, ವಯಸ್ಸು ನೋಡಿ. ಅಕ್ಕ ಹೇಳಿದ ಪ್ರಕಾರ ಆ ಗುಡ್ಡದಲ್ಲಿ ಉಳಿಸಿರೋದೇ ವಯಸ್ಸು. ಹೊಟ್ಟೆ ಜೋತಿದೆಯಾ, ಬೆನ್ನು ಬಾಗಿದೆಯಾ, ಮುಖ ದಪ್ಪಗಿದೆಯಾ, ನಡೆಯುವಾಗ ಕುತ್ತಿಗೆ ಕೆಳಗೆ ಇಳಿಯುತ್ತಾ ನೋಡಿ. ಕೊಂಬಿನ ಮೇಲೆ ಕಣ್ಣು ಬಿದ್ದರೆ ಬೇರೆ ಏನೂ ಕಾಣಲ್ಲ.

ನೆವಾಡಾ_ನೆಂಟ

ಮಂಜಣ್ಣ, ಮಾತು ಚೆನ್ನಾಗಿದೆ. ಆದ್ರೆ ಬೆಳಗಿನ ಮಬ್ಬಲ್ಲಿ, ಮೈಲಿ ದೂರದಿಂದ ಹೊಟ್ಟೆ ಜೋತಿದ್ದು ನೋಡಿ ವಯಸ್ಸು ಹೇಳೋದು ಅಷ್ಟು ಸುಲಭ ಅಲ್ಲ. ಅಕ್ಟೋಬರ್‌ನಲ್ಲಿ ಕೊಬ್ಬು ತುಂಬಿ ಎಲ್ಲವೂ ದಪ್ಪ ಕಾಣ್ತವೆ. ಇಂಚು ಕಣ್ಣಿಗೆ ಕಾಣುತ್ತೆ. ಕಿವಿಯಿಂದ ಕಿವಿಗೆ ಸುಮಾರು 20 ಇಂಚು ಅಂತ ಇಟ್ಟುಕೊಂಡು ಕೊಂಬು ಎಷ್ಟು ಆಚೆ ಚಾಚಿದೆ ಅಂತ ಅಳೀಬಹುದು. ಅಳತೆ ಇಲ್ಲದಿದ್ದರೆ ಮೊದಲನೇ ದಿನವೇ ಎದೆ ಬಡಿತ ಜಾಸ್ತಿಯಾಗಿ ಟ್ರಿಗರ್ ಎಳೀತಾರೆ. ನಾನು ಕಣ್ಣಾರೆ ನೋಡಿದ್ದೀನಿ.

ಉಪ್ಪುಕೆರೆ (ಸೆಪ್ಟೆಂಬರ್)

ಆಗಸ್ಟ್‌ನಲ್ಲಿ ಹೋಗಿ ಬಂದೆ. ನೆಂಟರು ಹೇಳಿದ ಮಣ್ಣಿನ ವಿಷಯ ಅಕ್ಷರಶಃ ನಿಜ. ಕಾಡೆಮ್ಮೆ ಹಿಂಡೂ ಕಂಡಿತು. 1941ರಲ್ಲಿ ಯೆಲ್ಲೋಸ್ಟೋನಿನಿಂದ ತಂದು ಹತ್ತಿರದ ಮರುಭೂಮಿಯಲ್ಲಿ ಬಿಟ್ಟ ಬೈಸನ್‌ಗಳ ವಂಶ ಅದು, ತಾವಾಗಿಯೇ ಈ ಬೆಟ್ಟ ಹತ್ತಿದ್ದು. ಅದರ ಟ್ಯಾಗು ಯೂಟಾದಲ್ಲಿ ಜೀವಮಾನಕ್ಕೆ ಒಂದೇ.

ಗೆಳೆಯರಿಬ್ಬರಿಗೂ ಹೇಳಿದ್ದೀನಿ. ಸ್ಕೋರ್ ಪುಸ್ತಕ ಕ್ಯಾಂಪಿಗೆ ಬರಲ್ಲ. ಮುದಿ ಗಂಡು ಹುಡುಕ್ತೀನಿ. ಮುನ್ನೂರು ಗಜ ದಾಟಿದರೆ ಹೊಡೆಯಲ್ಲ. ಒಬ್ಬರು ಮುನಿಸಿಕೊಂಡಿದ್ದಾರೆ, ಅಕ್ಟೋಬರ್‌ಗೆ ಸರಿ ಹೋಗ್ತಾರೆ.

ಉಪ್ಪುಕೆರೆ (ನವೆಂಬರ್)

ಎಲ್ಲರೂ ಮೆಸೇಜ್ ಮಾಡಿ ಕೇಳಿದ್ದೀರಿ. ಬರೀತೀನಿ.

ಶುರುವಿನಲ್ಲೇ ಮಳೆ. ಗಾಡಿ ಅಲುಗಾಡಿಸಲಿಲ್ಲ. ಟಾರ್ಪಾಲ್ ಕೆಳಗೆ ಉಪ್ಪಿಟ್ಟು, ಕಾಫಿ, ಜಗಳ. ಮಳೆ ನಿಂತ ಮೇಲೆ ಗುಡ್ಡ ತೊಳೆದಿಟ್ಟ ಹಾಗೆ ಕಾಣ್ತಿತ್ತು, ಮೌಂಟ್ ಎಲೆನ್ ನೆತ್ತಿಗೆ ಹಿಮ ಬಿದ್ದಿತ್ತು.

ಆಮೇಲೆ ಒಂದು ಬೆಳಗ್ಗೆ ತುಂಬಾ ಅಗಲ ಕೊಂಬಿನ ಬಕ್ ಬಯಲಲ್ಲೇ ನಿಂತಿತು. ಎರಡೂ ಕಡೆ ನಾಲ್ಕು ನಾಲ್ಕು ಕವಲು, ಕವಲು ಮತ್ತೆ ಕವಲಾಗಿ ಎತ್ತರಕ್ಕೆ ಹೋಗಿದ್ದು ಬರಿಗಣ್ಣಿಗೇ ಕಾಣ್ತಿತ್ತು. ಪಕ್ಕದಲ್ಲಿದ್ದವರು ಉಸಿರು ಬಿಡದೆ "ಹೊಡಿ, ಹೊಡಿ" ಅಂದ್ರು. ದುರ್ಬೀನಿನಲ್ಲಿ ನೋಡ್ತಾ ಹೋದೆ. ಬೆನ್ನು ನೇರ. ಹೊಟ್ಟೆ ಒಳಗೆ. ಕಾಲು ಉದ್ದ ಕಾಣ್ತಿತ್ತು. ನಾಲ್ಕು ವರ್ಷದ್ದಿರಬೇಕು. ಬಿಟ್ಟೆ. ಆ ದಿನ ಕ್ಯಾಂಪಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಹೊಡೆದದ್ದು ಬೇರೆ ಕಣಿವೆಯಲ್ಲಿ. ಎಲೆ ಉದುರಿದ ಓಕ್ ಪೊದೆ, ಪೂರ್ತಿ ಬೂದು. ಬೆಳಗ್ಗೆಯಿಂದ ಅದೇ ಪೊದೆ ನೋಡ್ತಿದ್ದೆ, ಬಿಸಿಲು ಏರಿತ್ತು, ನೆರಳು ಸರಿದಿತ್ತು. ಒಂದು ಕಿವಿ ಅಲುಗಿತು. ಕಿವಿ ಮಾತ್ರ. ನೊಣ ಓಡಿಸೋಕೆ. ಅದರ ಹಿಂದಿದ್ದ ಕಡ್ಡಿ ಕಿವಿ ಜೊತೆಗೇ ಸ್ವಲ್ಪ ತಿರುಗಿತು, ಆಗ ಅದು ಕೊಂಬು ಅಂತ ಗೊತ್ತಾಯ್ತು. ಗಾಳಿ ಇಳಿಜಾರಿನಿಂದ ಮೇಲಕ್ಕೆ ಬೀಸೋ ಹೊತ್ತು, ಹಾಗಾಗಿ ಸುತ್ತು ಹಾಕಿ ಮೇಲಿನಿಂದ ಬಂದೆ. ಅದು ಎದ್ದು ನೆರಳು ಬದಲಿಸೋವರೆಗೆ ಕಾದೆ. ಎದ್ದಿತು, ಮೈ ಅಡ್ಡ ಕೊಟ್ಟಿತು. ಒಂದೇ ಈಡು. ಇಪ್ಪತ್ತು ಹೆಜ್ಜೆಯೊಳಗೆ ಬಿತ್ತು.

ಕೊಂಬು ಬುಡದಲ್ಲಿ ನನ್ನ ಮುಂಗೈ ದಪ್ಪ. ತುದಿಗಳು ಗಿಡ್ಡ, ಒಂದು ಕಡೆ ಮೂರೇ ಕವಲು. ಪುಸ್ತಕಕ್ಕೆ ದೂರದ ಮಾತು. ಬಾಯಿ ತೆರೆದು ನೋಡಿದೆ. ಹಿಂದಿನ ದವಡೆ ಹಲ್ಲುಗಳು ಒಸಡಿನ ಮಟ್ಟಕ್ಕೆ ಸವೆದಿದ್ದವು, ಒಂದು ಕಡೆ ಎರಡು ಹಲ್ಲಿನ ಮಧ್ಯೆ ಹುಲ್ಲು ಸಿಕ್ಕಿ ಕೊಳೆತು ವಾಸನೆ ಬರ್ತಿತ್ತು.

ಅಲುಗಾಡಿಸೋ ಮುಂಚೆ ಟ್ಯಾಗ್ ಕಟ್ಟಿದೆ. ಹೊಟ್ಟೆ ಸೀಳದೆ ಕಾಲು, ಬೆನ್ನಿನ ಮಾಂಸ ಬಿಡಿಸಿದೆವು. ಗಂಡು ಅನ್ನೋ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಅದು ಮರೆಯೋ ಹಾಗಿಲ್ಲ. ಮುನಿಸಿಕೊಂಡವರೇ ಅತಿ ಭಾರದ ಚೀಲ ಹೊತ್ತರು. ಬೈದುಕೊಂಡೇ ಹೊತ್ತರು.

ನೆವಾಡಾ_ನೆಂಟ

ಅಭಿನಂದನೆ. ಈಡು ಚೊಕ್ಕ, ಅದಕ್ಕಿಂತ ಇನ್ನೇನು ಬೇಕು. ಆದ್ರೂ ನಾನಾಗಿದ್ರೆ ಆ ಅಗಲದ ಬಕ್ಕನ್ನೇ ಹೊಡೀತಿದ್ದೆ. ಸಾಯೋವರೆಗೂ ಇದೇ ಹೇಳ್ತೀನಿ.

ಮಡಿಕೇರಿ_ಮಂಜು

ಹೇಳ್ತಾ ಇರಿ ನೆಂಟ್ರೆ. ಆ ಅಗಲದವನು ಇನ್ನೆರಡು ವರ್ಷದಲ್ಲಿ ಹೇಗಿರ್ತಾನೆ ಯೋಚನೆ ಮಾಡಿ. ಯಾರಿಗಾದ್ರೂ ಸಿಗ್ತಾನೆ.

ಪಾಯಿಂಟ್_ಬಡವ

ನನಗೆ. ನನಗೆ ಸಿಗಲಿ ಅಂತ ಹೇಳಿ ಮಂಜಣ್ಣ.

ಫೋರ್ಟ್‌ಕಾಲಿನ್ಸ್_ಅಕ್ಕ

ದವಡೆ ಎಸೆದಿಲ್ಲ ತಾನೆ? ಹಲ್ಲಿನ ಸವೆತ ನೋಡಿ ಹೇಳೋ ವಯಸ್ಸು ಅಂದಾಜು ಮಾತ್ರ. ಒಂದೊಂದು ಗುಡ್ಡದ ಮೇವು ಒಂದೊಂದು ತರಹ ಸವೆಸುತ್ತೆ. ಮುಂದಿನ ಬಾಚಿ ಹಲ್ಲು ಬೇರು ಸಮೇತ ಕಿತ್ತು ಲ್ಯಾಬಿಗೆ ಕಳಿಸಿ. ಬೇರನ್ನು ತೆಳ್ಳಗೆ ಕೊಯ್ದು ವರ್ಷದ ಪದರ ಎಣಿಸ್ತಾರೆ.

ಸಿಡಬ್ಲ್ಯುಡಿ (ಜಿಂಕೆಗಳು ಸೊರಗಿ ಸಾಯೋ ರೋಗ) ಟೆಸ್ಟ್ ಮಾಡಿಸಿದ್ರಾ? ಈ ರೋಗ ಮೊದಲು ಕಂಡಿದ್ದು 1967ರಲ್ಲಿ, ನಮ್ಮೂರಲ್ಲೇ, ಸಾಕಿಟ್ಟಿದ್ದ ಮ್ಯೂಲ್ ಡಿಯರ್‌ಗಳಲ್ಲಿ. ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನಿನಿಂದ ಬರೋ ರೋಗ, ಬೇಯಿಸಿದರೆ ಹೋಗಲ್ಲ. ಮನುಷ್ಯರಿಗೆ ಬಂದ ಉದಾಹರಣೆ ಸಾಬೀತಾಗಿಲ್ಲ, ಆದ್ರೂ ಪಾಸಿಟಿವ್ ಬಂದ್ರೆ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಯವರು ಹೇಳೋದು. ಗಂಟಲ ಹಿಂದಿನ ದುಗ್ಧಗ್ರಂಥಿ ತೆಗೆದುಕೊಂಡು ಹೋಗಬೇಕು. ಇನ್ನೊಂದು ರಾಜ್ಯಕ್ಕೆ ಒಯ್ಯೋದಾದ್ರೆ ಮಿದುಳು, ಬೆನ್ನುಹುರಿ ಒಯ್ಯೋ ಹಾಗಿಲ್ಲ.

ಉಪ್ಪುಕೆರೆ

ಮಾಡಿಸಿದೆ ಅಕ್ಕ, ನೆಗೆಟಿವ್. ಹಲ್ಲು ಕಳಿಸ್ತೀನಿ. ಪಾಯಿಂಟೆಲ್ಲ ಸೊನ್ನೆಗೆ ಬಂತು, ಲಿಮಿಟೆಡ್ ಎಂಟ್ರಿಗೆ ಮತ್ತೆ ಅರ್ಜಿ ಹಾಕೋಕೆ ಎರಡು ವರ್ಷ ಕಾಯಬೇಕು. ಬಡವಣ್ಣ, ನಿಮ್ಮ ಮುಂದಿದ್ದ ಒಬ್ಬ ಕಡಿಮೆಯಾದ.

ಸೊಪ್ಪಿನ_ಸಾರು

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದ್ರೆ ಪೂರ್ತಿ ಓದಿದೆ. ಆ ಹಲ್ಲಿನ ಭಾಗ ಎರಡು ಸಲ ಓದಿದೆ. ಹಾಗೇ ಬಿಟ್ಟಿದ್ರೆ ಈ ಚಳಿಗಾಲ ದಾಟ್ತಿತ್ತಾ ಅದು?

ಫೋರ್ಟ್‌ಕಾಲಿನ್ಸ್_ಅಕ್ಕ

ಮೆಲ್ಲೋಕೆ ಹಲ್ಲಿಲ್ಲದಿದ್ರೆ ಕಷ್ಟ. ಹಿಮ ಕಡಿಮೆ ಇದ್ದ ವರ್ಷ ದಾಟಿದ್ದರೂ ದಾಟಬಹುದಿತ್ತು. ಖಚಿತವಾಗಿ ಹೇಳೋರು ಸುಳ್ಳು ಹೇಳ್ತಾರೆ.

ಹೊಸಬ_ಡೆನ್ವರ್

ಹಂಟರ್ ಎಜುಕೇಶನ್ ಕ್ಲಾಸ್ ಮುಗಿಸಿದೆ! ಅಷ್ಟು ಮುದಿ ಜಿಂಕೆ ಮಾಂಸ ಬೇಯುತ್ತಾ? ರಬ್ಬರ್ ಇರಲ್ವಾ?

ಮಡಿಕೇರಿ_ಮಂಜು

ಬೆನ್ನಿನ ಮಾಂಸ ಜಾಸ್ತಿ ಬೇಯಿಸಲೇಬಾರದು, ಬಾಣಲೆಯಲ್ಲಿ ಎರಡು ಕಡೆ ಕೆಂಪಾಗಿಸಿ ಇಳಿಸಿ. ಕಾಲಿನ ಕೆಳಭಾಗ, ಭುಜ ಇದ್ದರೆ ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆಯಲ್ಲಿ ನಿಧಾನವಾಗಿ ಮೂರು ಗಂಟೆ. ಬಿಳಿ ಕೊಬ್ಬು ಒಂದು ಚೂರೂ ಬಿಡದೆ ತೆಗೆಯಿರಿ, ಇಲ್ಲದಿದ್ರೆ ಆರಿದಾಗ ಮೇಣದ ತರಹ ಅಂಗುಳಕ್ಕೆ ಅಂಟುತ್ತೆ. ಧನಿಯಾ, ಜೀರಿಗೆ, ಸಾಸಿವೆ, ಕರಿಮೆಣಸು ಕಪ್ಪಗಾಗೋವರೆಗೆ ಹುರಿದು ಪುಡಿ ಮಾಡಿ ಹಾಕಿ. ಕಾಚಂಪುಳಿ (ಕೊಡಗಿನ ಹುಳಿರಸ) ಕೊನೆಯಲ್ಲಿ, ಒಂದೇ ಚಮಚ. ಉಪ್ಪುಕೆರೆಯವರೇ, ಕಾಚಂಪುಳಿ ಇಲ್ಲದಿದ್ರೆ ವಿಳಾಸ ಖಾಸಗಿ ಮೆಸೇಜಲ್ಲಿ ಹಾಕಿ. ಅಮ್ಮ ಕಳಿಸಿದ ಬಾಟಲಿ ಇನ್ನೊಂದಿದೆ.

ಪಾಯಿಂಟ್_ಬಡವ

ಹಾರ್ವೆಸ್ಟ್ ರಿಪೋರ್ಟ್ (ಬೇಟೆಯ ವರದಿ) ತುಂಬಿದ್ರಾ ಅಣ್ಣ? ಲಿಮಿಟೆಡ್ ಎಂಟ್ರಿಗೆ ಕಡ್ಡಾಯ. ಸೀಸನ್ ಮುಗಿದು 30 ದಿನದೊಳಗೆ.

ಉಪ್ಪುಕೆರೆ

ಗುಡ್ಡ ಇಳಿದು ಹ್ಯಾಂಕ್ಸ್‌ವಿಲ್‌ನಲ್ಲಿ ಸಿಗ್ನಲ್ ಬಂದ ತಕ್ಷಣ ತುಂಬಿದೆ. ಮಂಜಣ್ಣ, ವಿಳಾಸ ಕಳಿಸಿದ್ದೀನಿ.